‘12 ತಿಂಗಳ ಎಂಒಟಿ, ಅಡ್ವೈಸರಿ ಇಲ್ಲ’: 2009ರ ಒಂದು ಹೋಂಡಾ ಜಾಝ್‌ನ ತಪಾಸಣೆ ದಾಖಲೆ ಓದಿದ ಬಗೆ

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 2009ರ ಹೋಂಡಾ ಜಾಝ್ 1.4, ಪೆಟ್ರೋಲ್, ಮ್ಯಾನ್ಯುವಲ್ ಗೇರ್, 70,400 ಮೈಲಿ ಓಡಿದೆ, ಪೂರ್ತಿ 12 ತಿಂಗಳ ಎಂಒಟಿ (ಬ್ರಿಟನ್ನಿನ ಕಡ್ಡಾಯ ವಾರ್ಷಿಕ ಗಾಡಿ ತಪಾಸಣೆ) ಇದೆ, ಒಂದೂ ಅಡ್ವೈಸರಿ (ಮುಂದೆ ದೋಷ ಆಗಬಹುದು ಎಂಬ ಪರೀಕ್ಷಕರ ಎಚ್ಚರಿಕೆ) ಇಲ್ಲ, ಬೆಲೆ 2,650 ಪೌಂಡ್. ಮಾರುತ್ತಿದ್ದವರು ಡೀಲರ್ ಅಲ್ಲ, ಖಾಸಗಿ ವ್ಯಕ್ತಿ. ಕೊಳ್ಳಲು ಹೊರಟವರು ಮಂಗಳೂರು ಕಡೆಯಿಂದ ಬಂದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನರ್ಸ್ ಆಗಿರುವವರು. ನೈಟ್ ಶಿಫ್ಟಿಗೆ ಹೋಗಿಬರಲು ಗಾಡಿ ಬೇಕು, ಕೈಯಲ್ಲಿರುವುದು 2,800 ಪೌಂಡ್. ಇದು 2024ರ ಏಪ್ರಿಲ್‌ನ ಲೆಕ್ಕ. ಈ ವಯಸ್ಸಿನ ಕಾರುಗಳ ದಾಖಲೆಯಲ್ಲಿ ಮತ್ತೆ ಮತ್ತೆ ಕಾಣುವ ಸಾಲುಗಳನ್ನು ಒಂದೇ ಗಾಡಿಯ ಮೇಲಿಟ್ಟು ಈ ಪ್ರಕರಣವನ್ನು ಬರೆದಿದೆ. ಯಾರ ಗುರುತೂ ಇದರಲ್ಲಿಲ್ಲ.

ನಮ್ಮೂರಿನಿಂದ ಬಂದವರು ಹಳೆ ಗಾಡಿ ನೋಡುವಾಗ ಮೊದಲು ಕೇಳುವುದು ‘ಫಸ್ಟ್ ಓನರ್ ಗಾಡಿನಾ? ಎಷ್ಟು ಓಡಿದೆ?’ ಎಂದು. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಹೊಗೆ ತಪಾಸಣೆ ಬಿಟ್ಟರೆ ಗಾಡಿಯ ಅಡಿಭಾಗವನ್ನು ಸರ್ಕಾರದ ಲೆಕ್ಕಕ್ಕೆ ಯಾರೂ ನೋಡುವುದಿಲ್ಲ. ಹಾಗಾಗಿ ವರ್ಷವರ್ಷದ ದಾಖಲೆ ಓದುವ ಅಭ್ಯಾಸ ನಮಗಿಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಕಡ್ಡಾಯ, ಉತ್ತರ ಐರ್ಲೆಂಡಿನಲ್ಲಿ ಮಾತ್ರ ನಾಲ್ಕು ವರ್ಷ ತುಂಬಿದ ಮೇಲೆ. ಪರೀಕ್ಷೆಯ ಫಲಿತಾಂಶ ಗುಟ್ಟೇನಲ್ಲ. ಗವ್.ಯುಕೆ ಎಂಬ ಸರ್ಕಾರಿ ಜಾಲತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ ಸಾಕು, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 2005ರಿಂದ ನಡೆದ ಪ್ರತಿ ಪರೀಕ್ಷೆಯ ತಾರೀಕು, ಅಂದಿನ ಓಡೋಮೀಟರ್ ರೀಡಿಂಗ್, ಪಾಸೋ ಫೇಲೋ, ಯಾವ ಕಾರಣಕ್ಕೆ ಎಂಬುದೆಲ್ಲ ಬಿಟ್ಟಿಯಾಗಿ ಕಾಣುತ್ತದೆ. ಇಷ್ಟು ವಿವರ ಬೆರಳ ತುದಿಯಲ್ಲಿದ್ದರೂ ಬಹಳ ಜನ ಮೇಲಿನ ಒಂದು ಸಾಲು, ಅಂದರೆ ಎಂಒಟಿ ಯಾವತ್ತಿನವರೆಗೆ ಇದೆ ಎಂಬುದನ್ನಷ್ಟೇ ನೋಡಿ ಪುಟ ಮುಚ್ಚುತ್ತಾರೆ. ಆ ಒಂದು ಸಾಲಿಗೆ ಬೆಲೆ ಕಡಿಮೆ. ಪರೀಕ್ಷೆಯ ದಿನ, ಪರೀಕ್ಷೆಯ ಹೊತ್ತಿನಲ್ಲಿ ಗಾಡಿ ಕನಿಷ್ಠ ಮಟ್ಟ ಮುಟ್ಟಿತ್ತು ಎಂಬುದಷ್ಟೇ ಅದರ ಅರ್ಥ.

ದಾಖಲೆಯಲ್ಲಿ ಇದ್ದದ್ದು

ಜಾಲತಾಣ ಹೊಸ ಪರೀಕ್ಷೆಯನ್ನು ಮೇಲೆ, ಹಳೆಯದನ್ನು ಕೆಳಗೆ ತೋರಿಸುತ್ತದೆ. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಒಂದು ಹಾಳೆಯಲ್ಲಿ ಹಳೆಯದರಿಂದ ಶುರುಮಾಡಿ ಬರೆದುಕೊಂಡಾಗ ಈ ಕಾರಿನ ಸಾಲುಗಳು ಹೀಗೆ ಬಂದವು:

ಏಪ್ರಿಲ್ 2012 – 21,400 ಮೈಲಿ, ಪಾಸ್
ಏಪ್ರಿಲ್ 2013 – 28,900, ಪಾಸ್, ಒಂದು ಟೈರ್ ಸವೆದಿದೆ
ಏಪ್ರಿಲ್ 2014 – 36,200, ಪಾಸ್
ಏಪ್ರಿಲ್ 2015 – 43,100, ಬ್ರೇಕ್ ಲೈಟ್ ಬಲ್ಬ್ ಉರಿಯದೆ ಫೇಲ್, ಅದೇ ದಿನ ಪಾಸ್
ಏಪ್ರಿಲ್ 2016 – 94,800, ಪಾಸ್, ಮುಂದಿನ ಬ್ರೇಕ್ ಡಿಸ್ಕ್ ಸವೆತ
ಏಪ್ರಿಲ್ 2017 – 55,700, ಪಾಸ್
ಏಪ್ರಿಲ್ 2018 – 61,000, ಪಾಸ್, ಹಿಂದಿನ ಬ್ರೇಕ್ ಪೈಪಿಗೆ ಸ್ವಲ್ಪ ತುಕ್ಕು
ಏಪ್ರಿಲ್ 2019 – 65,300, ಪಾಸ್, ಎರಡೂ ಬದಿಯ ಹಿಂದಿನ ಬ್ರೇಕ್ ಪೈಪಿಗೆ ತುಕ್ಕು, ಕಾಯಿಲ್ ಸ್ಪ್ರಿಂಗಿಗೂ ತುಕ್ಕು
ಅಕ್ಟೋಬರ್ 2020 – 67,100, ಪಾಸ್, ಅವೇ ಅಡ್ವೈಸರಿಗಳು
ಅಕ್ಟೋಬರ್ 2021 – 69,000, ಫೇಲ್: ಬ್ರೇಕ್ ಪೈಪ್ ಮಿತಿಮೀರಿ ತುಕ್ಕು, ಹಿಂದಿನ ಒಂದು ಸ್ಪ್ರಿಂಗ್ ಮುರಿದಿದೆ. ಐದು ದಿನದ ಮೇಲೆ ಪಾಸ್. ಮುಂದಿನ ಸಬ್‌ಫ್ರೇಮ್ ಮತ್ತು ಹಿಂದಿನ ಆಕ್ಸಲ್‌ಗೆ ತುಕ್ಕು ಎಂದು ಅಡ್ವೈಸರಿ
ಡಿಸೆಂಬರ್ 2023 – 69,900, ಫೇಲ್: ಆಫ್‌ಸೈಡ್ ಸಿಲ್‌ನಲ್ಲಿ ಬಾಡಿಯ ಬಲ ಕುಂದಿಸುವಷ್ಟು ತುಕ್ಕು, ಹ್ಯಾಂಡ್‌ಬ್ರೇಕ್ ಸಾಲದು. ಎರಡು ದಿನದ ಮೇಲೆ ಪಾಸ್. ಸಬ್‌ಫ್ರೇಮ್, ಆಕ್ಸಲ್, ಗ್ರೀಸ್ ಮೆತ್ತಿದ ಬ್ರೇಕ್ ಪೈಪ್ ಸೇರಿ ನಾಲ್ಕು ಅಡ್ವೈಸರಿ
ಮಾರ್ಚ್ 2024 – 70,350, ಪಾಸ್, ಅಡ್ವೈಸರಿ ಒಂದೂ ಇಲ್ಲ

ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆಯ ಎಡಬದಿ, ಆಫ್‌ಸೈಡ್ ಅಂದರೆ ಡ್ರೈವರ್ ಕೂರುವ ಬಲಬದಿ. ಸಿಲ್ ಎಂಬುದು ಬಾಗಿಲುಗಳ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಪೆಟ್ಟಿಗೆಯಂಥ ಉಕ್ಕಿನ ಭಾಗ. ಇಡೀ ಬಾಡಿಯ ಗಟ್ಟಿತನದಲ್ಲಿ ಅದರ ಪಾಲು ದೊಡ್ಡದು. ಸಬ್‌ಫ್ರೇಮ್ ಅಂದರೆ ಎಂಜಿನ್, ಸಸ್ಪೆನ್ಷನ್‌ಗಳನ್ನು ಹೊರುವ ಅಡಿಭಾಗದ ಉಕ್ಕಿನ ಚೌಕಟ್ಟು.

2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ವಿಂಗಡಿಸುತ್ತಾರೆ. ಮೊದಲೆರಡರಲ್ಲಿ ಯಾವುದಿದ್ದರೂ ಫೇಲ್. ಮೈನರ್ ಇದ್ದರೆ ಪಾಸ್, ಆದರೆ ಬೇಗ ಸರಿಮಾಡಿಸಬೇಕು. ಅಡ್ವೈಸರಿ ಇವಕ್ಕಿಂತ ಕೆಳಗಿನದು: ಈಗ ದೋಷವಲ್ಲ, ಮುಂದೆ ಆಗಬಹುದು, ಗಮನವಿರಲಿ ಎಂದು ಪರೀಕ್ಷಕ ಬರೆದಿಡುವ ಮಾತು. 2018ಕ್ಕೆ ಮುಂಚಿನ ದಾಖಲೆಗಳಲ್ಲಿ ಫೇಲ್ ಮತ್ತು ಅಡ್ವೈಸರಿ ಎರಡೇ ಕಾಣುತ್ತವೆ. ಆದ್ದರಿಂದ ಪದ ಬದಲಾದ ಮಾತ್ರಕ್ಕೆ ಗಾಡಿಯ ಸ್ಥಿತಿ ಬದಲಾಯಿತು ಎಂದುಕೊಳ್ಳಬಾರದು.

ಹೆದರಿಸಿದ ಎರಡು ಸಾಲು, ಹೆದರಬೇಕಿಲ್ಲದವು

2016ರಲ್ಲಿ 94,800, ಮರುವರ್ಷ 55,700. ಮೀಟರ್ ತಿರುಗಿಸಿದ್ದಾರೆ ಎಂಬ ಅನುಮಾನ ಮೊದಲು ಹುಟ್ಟುವುದು ಇಲ್ಲೇ. ಹಿಂದೆ ಮುಂದೆ ನೋಡಿ: 43,100, ಆಮೇಲೆ 55,700. ನಡುವೆ ಬರಬೇಕಾದದ್ದು ಹೆಚ್ಚುಕಡಿಮೆ 49,000ದ ಆಸುಪಾಸು. 49,800 ಎಂದು ಒತ್ತುವ ಬದಲು 94,800 ಎಂದು ಒತ್ತಿದ್ದಾರೆ, ಅಷ್ಟೇ. ಮೀಟರ್ ತಿರುಗಿಸಿದ ಗಾಡಿಯ ದಾಖಲೆ ಬೇರೆ ಥರ ಇರುತ್ತದೆ. ಅಲ್ಲಿ ರೀಡಿಂಗ್ ಒಮ್ಮೆ ಕೆಳಗಿಳಿದರೆ ಹಳೆಯ ಏರುಗತಿಗೆ ಮರಳದೆ ಕೆಳಗಿನಿಂದಲೇ ಮತ್ತೆ ಏರುತ್ತಾ ಹೋಗುತ್ತದೆ. ಒಂದೇ ವರ್ಷ ಎಗರಿ ಮತ್ತೆ ಹಳೆ ಗೆರೆಗೆ ಬಂದು ಕೂತರೆ ಅದು ಟೈಪಿಂಗ್ ತಪ್ಪು.

ಎರಡನೆಯದು 2019ರ ಏಪ್ರಿಲ್‌ನಿಂದ 2020ರ ಅಕ್ಟೋಬರ್‌ವರೆಗಿನ ಹದಿನೆಂಟು ತಿಂಗಳ ಬಿಡುವು. ಕೋವಿಡ್ ಕಾಲದಲ್ಲಿ 2020ರ ಮಾರ್ಚ್ 30ರಿಂದ ಜುಲೈ 31ರೊಳಗೆ ಮುಗಿಯಬೇಕಿದ್ದ ಎಂಒಟಿಗಳಿಗೆ ಸರ್ಕಾರ ಆರು ತಿಂಗಳು ಹೆಚ್ಚಿಗೆ ಕೊಟ್ಟಿತ್ತು. ಈ ಕಾರಿನದು ಏಪ್ರಿಲ್‌ನಲ್ಲಿ ಮುಗಿಯುತ್ತಿತ್ತು, ಹಾಗಾಗಿ ಅಕ್ಟೋಬರ್‌ಗೆ ಹೋಯಿತು, ಅಲ್ಲಿಂದ ತಾರೀಕೇ ಅಕ್ಟೋಬರ್‌ಗೆ ನಿಂತಿತು. ಈ ವಿಷಯ ಗೊತ್ತಿಲ್ಲದವರು ಒಳ್ಳೆ ಗಾಡಿಗಳನ್ನೂ ಕೈಬಿಟ್ಟಿದ್ದಾರೆ.

ಹೆದರಲೇಬೇಕಾದ ಸಾಲುಗಳು

2021ರ ಅಕ್ಟೋಬರ್‌ನಿಂದ 2023ರ ಡಿಸೆಂಬರ್‌ವರೆಗಿನ ಖಾಲಿಗೆ ಕೋವಿಡ್ ಕಾರಣವಲ್ಲ. 2022ರ ಅಕ್ಟೋಬರ್‌ಗೆ ಎಂಒಟಿ ಮುಗಿದಿದೆ, ಮುಂದಿನ ಹದಿನಾಲ್ಕು ತಿಂಗಳು ಪರೀಕ್ಷೆಯೇ ಇಲ್ಲ. ಎರಡು ವರ್ಷಕ್ಕೂ ಹೆಚ್ಚು ಅವಧಿಯಲ್ಲಿ ಓಡಿದ್ದು 900 ಮೈಲಿ. ಗಾಡಿ ಎಲ್ಲೋ ನಿಂತಿತ್ತು ಎಂಬುದು ಸ್ಪಷ್ಟ. ‘ಸೋರ್ನ್’ ಎಂದು ಘೋಷಿಸಿ ರಸ್ತೆಯಿಂದ ಹೊರಗಿಡುವುದು ಕಾನೂನಿಗೆ ವಿರುದ್ಧವಲ್ಲ. ಕೇಳಬೇಕಾದದ್ದು ಎಲ್ಲಿ ನಿಂತಿತ್ತು ಎಂಬುದು. ಒಣ ಗ್ಯಾರೇಜಿನಲ್ಲೋ, ಹುಲ್ಲು ಬೆಳೆದ ನೆಲದ ಮೇಲೋ? ಹಸಿ ನೆಲದ ಮೇಲೆ ಎರಡು ಚಳಿಗಾಲ ನಿಂತ ಕಾರಿನ ತಳಕ್ಕೆ ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ. ಬ್ರೇಕ್ ಕ್ಯಾಲಿಪರ್ ಕಚ್ಚಿಕೊಳ್ಳುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡಿಯುತ್ತದೆ, ಟೈರ್ ಸವೆಯದಿದ್ದರೂ ಬಿರುಕು ಬಿಡುತ್ತದೆ. ಡಿಸೆಂಬರ್ 2023ರ ಫೇಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಸೇರಿಕೊಂಡದ್ದು ಇದಕ್ಕೆ ತಾಳೆಯಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ‘ಕಡಿಮೆ ಓಡಿದ ಗಾಡಿ’ ಎಂಬುದನ್ನು ನಾವು ಗುಣ ಎಂದೇ ಎಣಿಸುತ್ತೇವೆ. 2018ರವರೆಗೆ ಈ ಕಾರು ವರ್ಷಕ್ಕೆ 5,300–7,500 ಮೈಲಿ ಓಡಿ ಚೆನ್ನಾಗಿಯೇ ಇತ್ತು. ಓಟ ವರ್ಷಕ್ಕೆ 2,000ಕ್ಕೆ ಇಳಿದಂತೆ ಅಡ್ವೈಸರಿಗಳು ಏರಿವೆ. ಅಂಗಡಿಗೆ ಹೋಗಿಬರುವಷ್ಟು ಓಡಿಸಿದರೆ ಎಕ್ಸಾಸ್ಟ್ ಪೈಪ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ನೀರು ಆರುವುದಿಲ್ಲ, ಪೈಪ್ ಒಳಗಿನಿಂದಲೇ ಕೊಳೆಯುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ರಸ್ತೆಗೆ ಹಾಕುವ ಕಲ್ಲುಪ್ಪು ಅಡಿಭಾಗಕ್ಕೆ ಹತ್ತಿ ಅಲ್ಲೇ ಉಳಿಯುತ್ತದೆ. ಕಡಲ ಗಾಳಿಗೆ ಗೇಟು, ಕಿಟಕಿಯ ಸರಳು ಏನಾಗುತ್ತವೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ಮೇಲಿನ ಪೇಂಟ್ ಥಳಥಳ ಎನ್ನುತ್ತಿರುವಾಗಲೂ ಕೆಳಗೆ ತುಕ್ಕು ತಿನ್ನುತ್ತಿರುತ್ತದೆ.

ಇನ್ನು ಕೊನೆಯ ಸಾಲು. 2023ರ ಡಿಸೆಂಬರ್‌ನಲ್ಲಿ ಪಾಸಾದ ಗಾಡಿಗೆ 2024ರ ಡಿಸೆಂಬರ್‌ವರೆಗೆ ಎಂಒಟಿ ಇತ್ತು. ಹಳೆಯದು ಮುಗಿಯಲು ಒಂದು ತಿಂಗಳೊಳಗೆ ಇರುವಾಗ ಪರೀಕ್ಷೆ ಮಾಡಿಸಿದರೆ ಮಾತ್ರ ಹಳೆ ತಾರೀಕು ಉಳಿಯುತ್ತದೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಉಳಿದ ತಿಂಗಳುಗಳು ಹೋದವು ಎಂದೇ ಲೆಕ್ಕ. ಕಾರಿನ ಎಂಒಟಿಗೆ ಗ್ಯಾರೇಜು ಪಡೆಯಬಹುದಾದ ಗರಿಷ್ಠ ಶುಲ್ಕ 54.85 ಪೌಂಡ್. ಸುಮಾರು ಒಂಬತ್ತು ತಿಂಗಳ ಅವಧಿ ಬಿಟ್ಟುಕೊಟ್ಟು ಮತ್ತೆ ಶುಲ್ಕ ಕಟ್ಟಿ ಮೂರೇ ತಿಂಗಳಲ್ಲಿ ಪರೀಕ್ಷೆ ಮಾಡಿಸಲು ಕಾರಣವೇನು? ‘12 ತಿಂಗಳ ಎಂಒಟಿ, ಅಡ್ವೈಸರಿ ಇಲ್ಲ’ ಎಂದು ಬರೆಯಲು ಎಂಬುದು ಮೊದಲು ಹೊಳೆಯುವ ಉತ್ತರ. ಅದರಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ, ಮಾರುವ ಮುಂಚೆ ಹೊಸ ಎಂಒಟಿ ಮಾಡಿಸುವವರು ಬಹಳ. ಮುಖ್ಯ ಪ್ರಶ್ನೆ ಬೇರೆ: ಡಿಸೆಂಬರ್‌ನಲ್ಲಿ ಇದ್ದ ನಾಲ್ಕು ಅಡ್ವೈಸರಿ ಮಾರ್ಚ್‌ನಲ್ಲಿ ಎಲ್ಲಿ ಹೋದವು?

ತುಕ್ಕು ತಾನಾಗಿ ವಾಸಿಯಾಗುವುದಿಲ್ಲ. ತುಕ್ಕಿನ ಅಡ್ವೈಸರಿ ದಾಖಲೆಯಿಂದ ಮಾಯವಾಗಲು ಮೂರೇ ದಾರಿ. ಭಾಗ ಬದಲಿಸಿರಬೇಕು, ಹಾಗಿದ್ದರೆ ಬಿಲ್ ಇರುತ್ತದೆ. ಅಥವಾ ಅಂಡರ್‌ಸೀಲ್ ಎಂಬ ಕಪ್ಪು ಟಾರಿನಂಥ ಲೇಪ ಬಳಿದು ಮುಚ್ಚಿರಬೇಕು. ಪರೀಕ್ಷಕರು ಏನನ್ನೂ ಬಿಚ್ಚಿ ನೋಡುವಂತಿಲ್ಲ, ಲೇಪ ಕಿತ್ತು ತೆಗೆಯುವಂತಿಲ್ಲ, ಹಾಗೇ ಪತ್ತೆಯಾದದ್ದಷ್ಟನ್ನೇ ಬರೆಯಬೇಕು. ಇಲ್ಲವೇ ಈ ಸಲದ ಪರೀಕ್ಷಕರು ಬರೆದಿಲ್ಲದಿರಬೇಕು. ಒಬ್ಬರು ಎಂಟು ಅಡ್ವೈಸರಿ ಬರೆಯುವ ಗಾಡಿಗೆ ಇನ್ನೊಬ್ಬರು ಎರಡೇ ಬರೆಯುವುದುಂಟು.

ಡಿಸೆಂಬರ್‌ನ ಪಾಸ್ ಬಗ್ಗೆಯೂ ಒಂದು ಸೂಕ್ಷ್ಮವಿದೆ. ಫೇಲಾದ ಗಾಡಿಯನ್ನು ಅದೇ ಕೇಂದ್ರದಲ್ಲಿ ಬಿಟ್ಟು ಸರಿಮಾಡಿಸಿದರೆ ಹತ್ತು ಕೆಲಸದ ದಿನಗಳೊಳಗೆ ಭಾಗಶಃ ಮರುಪರೀಕ್ಷೆಯಷ್ಟೇ ಸಾಕು. ಅದರಲ್ಲಿ ನೋಡುವುದು ಫೇಲಾದ ಅಂಶಗಳನ್ನು ಮಾತ್ರ. ಎರಡು ದಿನದ ಮೇಲಿನ ‘ಪಾಸ್’ ಇಡೀ ಗಾಡಿಯನ್ನು ಮತ್ತೆ ನೋಡಿ ಕೊಟ್ಟದ್ದು ಎಂದುಕೊಳ್ಳಬೇಡಿ. ಸಿಲ್ ವೆಲ್ಡಿಂಗ್ ಎರಡೇ ದಿನದಲ್ಲಿ ಮುಗಿದಿದೆ. ಸೀಟ್‌ಬೆಲ್ಟ್, ಸಸ್ಪೆನ್ಷನ್, ಸಬ್‌ಫ್ರೇಮ್ ಕೂರುವ ಜಾಗಗಳ ಸುತ್ತ 30 ಸೆಂಟಿಮೀಟರ್ ಒಳಗೆ ತುಕ್ಕು ತಿಂದಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡಿಟ್ಟು ಸುತ್ತಲೂ ಬಿಡದೆ ವೆಲ್ಡ್ ಮಾಡಬೇಕು. ಫಿಲ್ಲರ್ ಮೆತ್ತುವುದು, ರಿವೆಟ್ ಹೊಡೆಯುವುದು ನಡೆಯುವುದಿಲ್ಲ.

ಮಾರುವವರಿಗೆ ಕೇಳಿದ್ದು

ಹೋಗಿ ನೋಡುವ ಮುಂಚೆ ಮೆಸೇಜಿನಲ್ಲಿ ಮೂರು ಪ್ರಶ್ನೆ: 2022ರಲ್ಲಿ ಗಾಡಿ ಎಲ್ಲಿತ್ತು? ಡಿಸೆಂಬರ್‌ನ ಸಿಲ್ ಕೆಲಸದ ಬಿಲ್ ಇದೆಯಾ? ಬ್ರೇಕ್ ಪೈಪ್ ಬದಲಿಸಿದ್ದೀರಾ? ಪ್ರಶ್ನೆ ಹೀಗೆ ನಿರ್ದಿಷ್ಟವಾಗಿದ್ದಷ್ಟೂ ಒಳ್ಳೆಯದು. ‘ಏನಾದರೂ ತೊಂದರೆ ಇದೆಯಾ’ ಎಂದರೆ ‘ಏನೂ ಇಲ್ಲ’ ಎಂಬ ಉತ್ತರ ಸುಲಭ. ಬಂದ ಉತ್ತರ: ಗಾಡಿ ಸಂಬಂಧಿಕರೊಬ್ಬರ ಮನೆಯಂಗಳದಲ್ಲಿತ್ತು, ವೆಲ್ಡಿಂಗ್ ಆಗಿದೆ, ಬಿಲ್ ಹುಡುಕಬೇಕು, ಪೈಪಿನ ವಿಷಯ ಗೊತ್ತಿಲ್ಲ.

ಪರೀಕ್ಷೆ ಯಾವ ಕೇಂದ್ರದಲ್ಲಿ ಆಯಿತು ಎಂಬುದು ನಂಬರ್ ಪ್ಲೇಟಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ವಿ5ಸಿ ಎಂಬ ನೋಂದಣಿ ಪತ್ರದ ಮೇಲಿರುವ 11 ಅಂಕೆಯ ಸಂಖ್ಯೆ ಬೇಕು. ಮಾರುವವರು ಫೋನಿನಲ್ಲಿ ಅದನ್ನು ಕೊಡದಿದ್ದರೆ ತಪ್ಪು ತಿಳಿಯಬೇಡಿ, ಆ ಸಂಖ್ಯೆ ದುರ್ಬಳಕೆ ಆಗಬಹುದು. ಗಾಡಿ ನೋಡಲು ಹೋದಾಗ ಅವರೆದುರೇ ಹಾಕಿ ನೋಡಬಹುದು. ಹಾಗೆ ನೋಡಿದಾಗ 2015ರಿಂದ 2023ರವರೆಗೆ ಒಂದೇ ಕೇಂದ್ರ, 2024ರ ಮಾರ್ಚ್‌ನದು ಮಾತ್ರ ಬೇರೆ ಊರಿನದು.

ವಿ5ಸಿ ಗಾಡಿಯ ಮಾಲೀಕತ್ವದ ಪತ್ರ ಅಲ್ಲ. ಅದರಲ್ಲಿರುವುದು ನೋಂದಾಯಿತ ‘ಕೀಪರ್’, ಅಂದರೆ ಗಾಡಿ ಇಟ್ಟುಕೊಂಡಿರುವವರ ಹೆಸರು. ಸಾಲ ಬಾಕಿ ಇದೆಯೇ, ಕಳುವಿನ ಗಾಡಿಯೇ, ಇನ್ಶೂರೆನ್ಸ್‌ನವರು ಅಪಘಾತದ ಮೇಲೆ ಎಸ್ (ಬಾಡಿಯ ಚೌಕಟ್ಟಿಗೆ ಪೆಟ್ಟು) ಅಥವಾ ಎನ್ (ಚೌಕಟ್ಟಿಗೆ ಪೆಟ್ಟಿಲ್ಲ) ವರ್ಗಕ್ಕೆ ಹಾಕಿದ್ದರೇ ಎಂಬುದು ವಿ5ಸಿಯನ್ನೋ ಎಂಒಟಿ ದಾಖಲೆಯನ್ನೋ ನೋಡಿದರೆ ಖಚಿತವಾಗುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಮಾಡಿಸುವ ಹಿಸ್ಟರಿ ಚೆಕ್ ಬೇರೆಯೇ ಇದೆ. ಈ ಗಾಡಿಗೆ ಅದನ್ನೂ ಮಾಡಿಸಲಾಯಿತು, ತೊಡಕೇನೂ ಕಾಣಲಿಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಯೂ ಎಂಒಟಿಯ ವ್ಯಾಪ್ತಿಗೆ ಬರುವುದಿಲ್ಲ.

ಗಾಡಿಯ ಕೆಳಗೆ

ಜತೆಗೆ ಒಯ್ದದ್ದು ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್, ಟೈರ್ ಡೆಪ್ತ್ ಗೇಜ್, ನೆಲದ ಮೇಲೆ ಮಲಗಲು ಹಳೆ ಚಾಪೆ. ಜ್ಯಾಕ್ ಏರಿಸಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಈ ಎತ್ತರದ ಕಾರಿಗೆ ಮಲಗಿ ಟಾರ್ಚ್ ಬಿಟ್ಟರೆ ಸಾಕಷ್ಟು ಕಾಣುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಹೊಸ ಅಂಡರ್‌ಸೀಲ್. ಆಸಕ್ತಿಯಿಂದ ಗಾಡಿ ಉಳಿಸಿಕೊಳ್ಳಲು ಬಳಿಸಿದ್ದು ಹೇಗಿರುತ್ತದೆ, ಮುಚ್ಚಲು ಬಳಿದದ್ದು ಹೇಗಿರುತ್ತದೆ ಎಂಬ ವ್ಯತ್ಯಾಸ ಕಲಿಯುವುದು ಕಷ್ಟವಲ್ಲ. ಸರಿಯಾಗಿ ಮಾಡಿದವರು ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಎಕ್ಸಾಸ್ಟ್ ಪೈಪಿಗೂ ರಬ್ಬರ್ ಬುಷ್‌ಗಳಿಗೂ ಹತ್ತದಂತೆ ಬಳಿಯುತ್ತಾರೆ, ಕೆಲಸದ ಫೋಟೋ ಇಟ್ಟಿರುತ್ತಾರೆ. ಇಲ್ಲಿ ಎಕ್ಸಾಸ್ಟ್ ಹ್ಯಾಂಗರಿನ ರಬ್ಬರ್ ಮೇಲೆ, ಬೋಲ್ಟ್ ತಲೆಗಳ ಮೇಲೆ, ಬ್ರೇಕ್ ಪೈಪಿನ ಉದ್ದಕ್ಕೂ ಕಪ್ಪು ಸಿಡಿದಿತ್ತು. ಲೇಪದ ಕೆಳಗೆ ತುಕ್ಕಿನ ಪದರ ಉಬ್ಬಿದ್ದು ಟಾರ್ಚನ್ನು ಓರೆಯಾಗಿ ಹಿಡಿದಾಗ ಗುಳ್ಳೆ ಗುಳ್ಳೆಯಾಗಿ ಕಾಣುತ್ತಿತ್ತು. ಬೆರಳಿನಿಂದ ಒತ್ತಿದರೆ ಸಬ್‌ಫ್ರೇಮಿನ ಹಿಂದಿನ ಮೂಲೆಯಲ್ಲಿ ಲೇಪ ಒಳಕ್ಕೆ ಜಗ್ಗಿತು. ಗಟ್ಟಿ ಉಕ್ಕಿನ ಮೇಲಿನ ಲೇಪ ಹಾಗೆ ಜಗ್ಗುವುದಿಲ್ಲ.

ಆಫ್‌ಸೈಡ್ ಸಿಲ್‌ನ ಉದ್ದಕ್ಕೆ ಮ್ಯಾಗ್ನೆಟ್ ಜಾರಿಸಿದಾಗ ಜ್ಯಾಕ್ ಪಾಯಿಂಟ್ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಹಿಡಿತ ಸಡಿಲವಾಯಿತು, ಅಂದರೆ ಅಲ್ಲಿ ಮೇಲಿರುವುದು ಫಿಲ್ಲರ್. ನಿಯರ್‌ಸೈಡ್ ಸಿಲ್ ದಾಖಲೆಯಲ್ಲಿ ಎಲ್ಲೂ ಇಲ್ಲ, ಆದರೆ ಅದರ ಜ್ಯಾಕ್ ಪಾಯಿಂಟ್ ಆಗಲೇ ಪದರು ಬಿಡುತ್ತಿತ್ತು. ಒಂದು ಬದಿ ಕೊಳೆತಿದ್ದರೆ ಇನ್ನೊಂದು ಬದಿಯೂ ಅಷ್ಟೇ ವರ್ಷದ್ದು, ಅಷ್ಟೇ ಉಪ್ಪು ತಿಂದದ್ದು.

ಟೈರಿನ ಬದಿಯಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತವೆ. ಇಲ್ಲಿ 3516, ಅಂದರೆ 2016ರ 35ನೇ ವಾರದಲ್ಲಿ ತಯಾರಾದದ್ದು. ಗೇಜ್‌ನಲ್ಲಿ ಆಳ 4 ಮಿ.ಮೀ. ಇತ್ತು, ಕಾನೂನಿನ ಕನಿಷ್ಠ 1.6 ಮಿ.ಮೀ. ಆಗಿರುವುದರಿಂದ ಅದು ಸಾಕು, ಆದರೆ ಬದಿಯ ರಬ್ಬರ್ ಸೀಳಿತ್ತು. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ ನೋಡಿದಾಗ ಸದ್ದು ಚೆನ್ನಾಗಿತ್ತು. ಅದರ ಬಗ್ಗೆ ದೂರೇನೂ ಇಲ್ಲ.

ಲೆಕ್ಕ

ಹತ್ತಿರದ ಗ್ಯಾರೇಜಿನವರು ಲಿಫ್ಟ್ ಮೇಲೆ ಹತ್ತಿಸಿ ನೋಡಿ ಹೇಳಿದ ಅಂದಾಜು: ಹಿಂದಿನ ಬ್ರೇಕ್ ಪೈಪ್‌ಗಳನ್ನು ತಾಮ್ರ-ನಿಕ್ಕಲ್ ಪೈಪಿನಿಂದ ಬದಲಿಸಲು 280 ಪೌಂಡ್, ಎರಡೂ ಸಿಲ್ ಸರಿಯಾಗಿ ವೆಲ್ಡ್ ಮಾಡಲು 650, ಸಬ್‌ಫ್ರೇಮ್ ಬದಲಿಸಲು 550, ಟೈರ್ ನಾಲ್ಕಕ್ಕೆ 240. ಒಟ್ಟು 1,720 ಪೌಂಡ್. ಬೆಲೆ 2,000ಕ್ಕೆ ಇಳಿಸಲು ಮಾರುವವರು ಒಪ್ಪಿದರು. ಆದರೂ ಕೊಳ್ಳುವುದು ಬೇಡವೆಂದೇ ಸಲಹೆ, ಏಕೆಂದರೆ ವೆಲ್ಡಿಂಗ್ ಅಂದಾಜು ಲೇಪ ಕೆರೆದ ಮೇಲೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಖಾಸಗಿ ಮಾರಾಟದಲ್ಲಿ ಕೊಳ್ಳುವವರಿಗೆ ಕಾನೂನಿನ ರಕ್ಷಣೆಯೂ ತೆಳು. ಡೀಲರ್ ಹತ್ತಿರ ಕೊಂಡಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ದೋಷವಿದ್ದ ಗಾಡಿಯನ್ನು 30 ದಿನದೊಳಗೆ ತಿರಸ್ಕರಿಸಿ ದುಡ್ಡು ವಾಪಸ್ ಕೇಳಬಹುದಿತ್ತು. ಖಾಸಗಿಯವರಿಂದ ಕೊಂಡಾಗ ಗಾಡಿ ಅವರು ಬಣ್ಣಿಸಿದಂತೆ ಇರಲಿಲ್ಲ ಎಂದು ನೀವೇ ತೋರಿಸಬೇಕು.

ಅಡ್ವೈಸರಿ ತುಂಬಿದ ಇನ್ನೊಂದು ಗಾಡಿ

ಎರಡು ವಾರದ ಮೇಲೆ ಸಿಕ್ಕಿದ್ದು 2011ರ ಟೊಯೋಟಾ ಯಾರಿಸ್ 1.33 ಪೆಟ್ರೋಲ್, 88,000 ಮೈಲಿ, 2,550 ಪೌಂಡ್. ಎಂಒಟಿ ಉಳಿದದ್ದು ಐದೇ ತಿಂಗಳು. ಕೊನೆಯ ಪರೀಕ್ಷೆಯಲ್ಲಿ ನಾಲ್ಕು ಅಡ್ವೈಸರಿ, ದಾಖಲೆಯ ಉದ್ದಕ್ಕೂ ಹತ್ತಕ್ಕಿಂತ ಹೆಚ್ಚು. ಮೊದಲ ನೋಟಕ್ಕೆ ಜಾಝ್‌ಗಿಂತ ಕೆಟ್ಟದು ಎನಿಸುತ್ತದೆ.

ಕೆಳಗಿನಿಂದ ಓದಿದಾಗ ಕಂಡದ್ದು ಬೇರೆ. 2017ರಲ್ಲಿ ಟೈರ್ ಸವೆತದ ಅಡ್ವೈಸರಿ, 2018ರಲ್ಲಿ ಇಲ್ಲ. 2019ರಲ್ಲಿ ಬ್ರೇಕ್ ಪೈಪಿಗೆ ತುಕ್ಕು, ಮುಂದಿನ ಪರೀಕ್ಷೆಯಲ್ಲಿ ಇಲ್ಲ, ಪೈಪ್ ಬದಲಿಸಿದ ಬಿಲ್ ಫೈಲಿನಲ್ಲಿದೆ. 2021ರಲ್ಲಿ ಸ್ಪ್ರಿಂಗ್ ಮುರಿದು ಫೇಲ್. ಬಿಲ್ಲಿನಲ್ಲಿ ನೋಡಿದರೆ ಮುರಿದದ್ದೊಂದನ್ನೇ ಅಲ್ಲ, ಎರಡೂ ಬದಿಯದನ್ನು ಬದಲಿಸಿದ್ದಾರೆ. ಒಂದೇ ಅಡ್ವೈಸರಿ ಎರಡು ವರ್ಷ ಸತತವಾಗಿ ಬಂದದ್ದು ಒಂದೇ ಒಂದು: ಸಬ್‌ಫ್ರೇಮಿನ ಮೇಲ್ಮೈ ತುಕ್ಕು. ಎಲ್ಲ ಪರೀಕ್ಷೆಯೂ ಒಂದೇ ಕೇಂದ್ರದಲ್ಲಿ, ಕಟ್ಟುನಿಟ್ಟಾಗಿ ಬರೆಯುವ ಪರೀಕ್ಷಕರಿಂದ. ಓಟ ಪ್ರತಿ ವರ್ಷ 6,000 ಮೈಲಿಗೂ ಮೇಲೆ. ಅಡಿಭಾಗಕ್ಕೆ ಅಂಡರ್‌ಸೀಲ್ ಬಳಿದಿರಲಿಲ್ಲ. ತುಕ್ಕು ಇದ್ದಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು, ಕೆರೆದಾಗ ಕೆಳಗೆ ಗಟ್ಟಿ ಉಕ್ಕು ಸಿಕ್ಕಿತು. ಹೀಗೆ ಬಂದ ಅಡ್ವೈಸರಿ ಮರುವರ್ಷ ಬಿಲ್ಲಿನೊಂದಿಗೆ ಕಾಣೆಯಾಗುವ ದಾಖಲೆ ಎಷ್ಟು ಉದ್ದವಿದ್ದರೂ ಒಳ್ಳೆಯದೇ. ಈ ವಯಸ್ಸಿನ ಕಾರಿನಲ್ಲಿ ಏನೂ ಬರೆಯದ ಹಾಳೆಗಿಂತ ಅದನ್ನು ನಂಬಬಹುದು.

ಕೊಂಡದ್ದು ಇದನ್ನೇ, 2,450ಕ್ಕೆ. ಬ್ಯಾಂಕಿನಿಂದ ದುಡ್ಡು ಕಳಿಸುವ ಮುಂಚೆ ವಿಂಡ್‌ಸ್ಕ್ರೀನ್ ಕೆಳಗಿನ ಚಾಸಿ ನಂಬರನ್ನು ವಿ5ಸಿ ಜತೆ ತಾಳೆ ನೋಡಲಾಯಿತು, ಹೊಸ ಕೀಪರ್ ಚೀಟಿ ಕೈಗೆ ಬಂತು. ಹಿಂದಿನವರು ಕಟ್ಟಿದ ರಸ್ತೆ ತೆರಿಗೆ 2014ರ ಅಕ್ಟೋಬರ್‌ನಿಂದೀಚೆಗೆ ಕೊಂಡವರಿಗೆ ವರ್ಗವಾಗುವುದಿಲ್ಲ. ಆದ್ದರಿಂದ ಇನ್ಶೂರೆನ್ಸ್ ಮಾಡಿಸಿ, ಆ ಚೀಟಿಯ 12 ಅಂಕೆಯ ಸಂಖ್ಯೆಯಿಂದ ತೆರಿಗೆಯನ್ನು ಫೋನಿನಲ್ಲೇ ಕಟ್ಟಿದ ಮೇಲೆ ಗಾಡಿ ಅಲ್ಲಿಂದ ಹೊರಟಿತು. ಉಳಿದ 350 ಪೌಂಡಿನಲ್ಲಿ ಮೊದಲ ಕೆಲಸ ಮುಂದಿನ ಎರಡು ಟೈರ್. ಸಬ್‌ಫ್ರೇಮನ್ನು ವೈರ್ ಬ್ರಷ್‌ನಿಂದ ಉಜ್ಜಿ ತುಕ್ಕುತಡೆ ವ್ಯಾಕ್ಸ್ ಹೊಡೆಸುವುದು ಒಣ ಹವೆ ಇರುವ ಜುಲೈನಲ್ಲಿ, ಅದರ ಬಿಲ್ ಹಳೆಯವರು ಕೊಟ್ಟ ಅದೇ ಫೈಲಿಗೆ.